ಮಕ್ಕಳಿಗೆ ಅವಧಾನ ಕಲಿಸುವ ಮೊದಲು



ಲೆಕ್ಕಪರಿಶೋಧಕನೊಬ್ಬ ಮಕ್ಕಳ ಮನಸ್ಸಿನ ಬಗ್ಗೆ ಮಾತಾಡಲು ನಿಂತದ್ದು ನಿಮಗೆ ವಿಚಿತ್ರ ಅನ್ನಿಸಬಹುದು. ನಾನು ಮನಶ್ಶಾಸ್ತ್ರಜ್ಞನಲ್ಲ, ಯೋಗಗುರುವೂ ಅಲ್ಲ. ಹದಿಹರೆಯದ ಇಬ್ಬರು ಮಕ್ಕಳ ಅಪ್ಪ. ಯಾರಾದರೂ ‘ಇದರಿಂದ ಲಾಭವಿದೆ’ ಎಂದರೆ ‘ವೋಚರ್ ತೋರಿಸಿ’ ಎನ್ನುವುದು ನನ್ನ ಕಸುಬು. ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಕಲಿಸಬೇಕು ಎಂಬ ಮಾತು ಈಗ ಶಾಲೆಯಲ್ಲೂ ಕೇಳುತ್ತದೆ, ನಮ್ಮ ಸಂಘಗಳ ಸಭೆಯಲ್ಲೂ ಕೇಳುತ್ತದೆ. ಇವತ್ತು ಅದರ ಜಮಾ-ಖರ್ಚು ನೋಡೋಣ.

ಮೊದಲು, ಅದು ಏನು? ಪಾಲಿ ಭಾಷೆಯ ‘ಸತಿ’ ಎಂಬ ಪದವನ್ನು ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಎಂದು ಕರೆದರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಝಿನ್ 1979ರಲ್ಲಿ ಅದನ್ನು ರೋಗಿಗಳಿಗಾಗಿ 8 ವಾರಗಳ ತರಬೇತಿಯಾಗಿ ಕಟ್ಟಿದರು. ಅಲ್ಲಿಂದ ಅದು ಕಚೇರಿಗಳಿಗೆ ಬಂತು, ಶಾಲೆಗಳಿಗೂ ಬಂತು. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಮೆಲ್ಬರ್ನಿನಿಂದ ಶುರುವಾದ ‘ಸ್ಮೈಲಿಂಗ್ ಮೈಂಡ್’ ಎಂಬ ಲಾಭರಹಿತ ಸಂಸ್ಥೆಯ ಉಚಿತ ಆ್ಯಪ್ ಅನೇಕ ತರಗತಿಗಳನ್ನು ತಲುಪಿದೆ. ನಿಮ್ಮ ಮಕ್ಕಳೂ ಕೇಳಿರಬಹುದು.

ನಮಗೆ ಇದನ್ನು ಅರ್ಥಮಾಡಿಕೊಳ್ಳಲು ಪರದೇಶದ ಪದ ಬೇಕಿಲ್ಲ. ಅಷ್ಟಾವಧಾನ ನೋಡಿದವರು ಇಲ್ಲಿ ಅನೇಕರಿದ್ದೀರಿ. ಶತಾವಧಾನಿ ಗಣೇಶರ ಎದುರು ಎಂಟು ಪೃಚ್ಛಕರು ಕೂತಿರುತ್ತಾರೆ. ಅವರಲ್ಲೊಬ್ಬರದು ಅಪ್ರಸ್ತುತ ಪ್ರಸಂಗ. ಪದ್ಯ ಅರ್ಧಕ್ಕೆ ಬಂದಾಗ ಸಂಬಂಧವಿಲ್ಲದ ತಮಾಷೆಯ ಪ್ರಶ್ನೆ ಕೇಳಿ ಗಮನ ಕೆಡಿಸುವುದೇ ಅವರ ಕೆಲಸ. ಅವಧಾನಿ ಅವರನ್ನು ಎಬ್ಬಿಸಿ ಕಳಿಸುವುದಿಲ್ಲ, ಸಿಟ್ಟಾಗುವುದಿಲ್ಲ. ನಗುತ್ತಾ ಒಂದು ಉತ್ತರ ಕೊಟ್ಟು ಪದ್ಯದ ಎಳೆಗೆ ಮರಳುತ್ತಾರೆ. ಮೈಂಡ್‌ಫುಲ್‌ನೆಸ್ ಅಂದರೆ ಆ ಮರಳುವಿಕೆ. ಮನಸ್ಸನ್ನು ಖಾಲಿ ಮಾಡುವುದಲ್ಲ. ಅದು ಓಡಿತು ಎಂದು ಗೊತ್ತಾಗುವುದು, ಬೈದುಕೊಳ್ಳದೆ ಉಸಿರಿಗೋ ಕೈಯಲ್ಲಿರುವ ಕೆಲಸಕ್ಕೋ ವಾಪಸ್ಸು ಬರುವುದು, ಅಷ್ಟೇ.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ದಾಸ್ತಾನು ಎಣಿಕೆ. ಜೂನ್ 30ಕ್ಕೆ ಗೋದಾಮಿಗೆ ಹೋದಾಗ ಕಪಾಟಿನಲ್ಲಿ ಏನಿದೆಯೋ ಅದನ್ನು ಎಣಿಸುತ್ತೇವೆ, ಏನಿರಬೇಕಿತ್ತು ಎಂಬುದನ್ನಲ್ಲ. ಮಗುವಿಗೂ ಅದನ್ನೇ ಹೇಳಿಕೊಡುವುದು: ‘ಈಗ ನನ್ನೊಳಗೆ ಭಯ ಇದೆ, ಹೊಟ್ಟೆಯಲ್ಲಿ ಬಿಗಿ ಇದೆ.’ ಹೊಂದಾಣಿಕೆ ನಮೂದು ಆಮೇಲೆ.

ಇದರ ಅಗತ್ಯ ಇದೆಯೇ? ಇದೆ. ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು 2013-14ರಲ್ಲಿ ದೇಶದಾದ್ಯಂತ 6,300ಕ್ಕೂ ಹೆಚ್ಚು ಕುಟುಂಬಗಳನ್ನು ‘ಯಂಗ್ ಮೈಂಡ್ಸ್ ಮ್ಯಾಟರ್’ ಸಮೀಕ್ಷೆಗಾಗಿ ಮಾತಾಡಿಸಿದರು. 4ರಿಂದ 17 ವಯಸ್ಸಿನ ಮಕ್ಕಳಲ್ಲಿ ಸುಮಾರು 14 ಶೇಕಡಾ, ಅಂದರೆ ಏಳರಲ್ಲಿ ಒಂದು ಮಗು, ಹಿಂದಿನ ಒಂದು ವರ್ಷದಲ್ಲಿ ಮಾನಸಿಕ ಆರೋಗ್ಯದ ಸಮಸ್ಯೆ ಅನುಭವಿಸಿತ್ತು. ನಮ್ಮ ಯುಗಾದಿ ಊಟದ ಪಂಕ್ತಿಯಲ್ಲಿ ಎಪ್ಪತ್ತು ಮಕ್ಕಳು ಕೂತರೆ ಹತ್ತು ಮಕ್ಕಳ ಲೆಕ್ಕ. ಆ ಹತ್ತು ಯಾರು ಎಂದು ಎಲೆ ಮುಂದೆ ಕೂತವರ ಮುಖ ನೋಡಿದರೆ ತಿಳಿಯುವುದಿಲ್ಲ.

ಇನ್ನು ವೋಚರ್. ನಮ್ಮ ಸಮಿತಿಯಲ್ಲಿ ಒಮ್ಮೆ ಪ್ರಸ್ತಾಪ ಬಂತು: ಭಾನುವಾರದ ಕನ್ನಡ ತರಗತಿಯ ನಂತರ ಹನ್ನೆರಡು ದಾಟಿದ ಮಕ್ಕಳಿಗೆಲ್ಲ ಕಡ್ಡಾಯ ಧ್ಯಾನದ ತರಗತಿ, ಏಕಾಗ್ರತೆ ಹೆಚ್ಚುತ್ತದೆ, ಎಟಾರ್ ಅಂಕವೂ ಏರುತ್ತದೆ. ಖಜಾಂಚಿಯಾಗಿ ನಾನು ಪುರಾವೆ ಹುಡುಕಿದೆ. ಅದು ಸಿಕ್ಕಿದ್ದು ಅಡಿಲೇಡ್‌ನಲ್ಲಿ.

ಬ್ರಿಟನ್ನಿನಲ್ಲಿ ಶಾಲೆಗಳಿಗಾಗಿ ರೂಪಿಸಿದ ‘ಡಾಟ್ ಬಿ’ ಎಂಬ ಪಾಠಕ್ರಮವನ್ನು ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಕ್ಯಾಥರಿನ್ ಜಾನ್ಸನ್, ಟ್ರೇಸಿ ವೇಡ್ ಮತ್ತು ಸಂಗಡಿಗರು ಹದಿಮೂರರ ಆಸುಪಾಸಿನ 308 ಮಕ್ಕಳ ಮೇಲೆ ಪರೀಕ್ಷಿಸಿದರು. ಒಂದು ಗುಂಪಿನ ಮಕ್ಕಳಿಗೆ ಪಾಠ, ಉಳಿದವರಿಗೆ ಎಂದಿನ ತರಗತಿ. 2016ರಲ್ಲಿ ಪ್ರಕಟವಾದ ಫಲಿತಾಂಶ: ಆತಂಕ, ಖಿನ್ನತೆ ಯಾವುದೂ ತಗ್ಗಲಿಲ್ಲ, ಕಲಿತ ಹುಡುಗರಲ್ಲಿ ಮೂರು ತಿಂಗಳ ನಂತರ ಆತಂಕ ಹೆಚ್ಚಿಗೆಯೇ ಕಂಡಿತು. ತಂದೆತಾಯಿಯರನ್ನೂ ಸೇರಿಸಿಕೊಂಡರೆ ಸರಿಹೋಗಬಹುದೆಂದು 555 ಮಕ್ಕಳೊಂದಿಗೆ ಮತ್ತೊಮ್ಮೆ ಪ್ರಯತ್ನಿಸಿದರು. 2017ರ ಆ ವರದಿಯಲ್ಲೂ ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಬ್ರಿಟನ್ನಿನಲ್ಲೇ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ‘ಮಿರಿಯಡ್’ ಅಧ್ಯಯನ 2022ರಲ್ಲಿ ಹೊರಬಂತು. ಅದೂ ಹೇಳಿದ್ದು ಇದನ್ನೇ: ಇಡೀ ತರಗತಿಗೆ ಕಲಿಸಿದ ಮೈಂಡ್‌ಫುಲ್‌ನೆಸ್ ಎಂದಿನ ಪಾಠಕ್ಕಿಂತ ಹೆಚ್ಚಿನದೇನೂ ಕೊಡಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಆದರೆ ಕಲಿಸಲೆಂದು ತಾವು ಮೊದಲು ಕಲಿತ ಶಿಕ್ಷಕರಲ್ಲಿ, ಸ್ವಲ್ಪ ಕಾಲವಾದರೂ, ದಣಿವು ತಗ್ಗಿದ್ದು ಕಂಡಿತು.

ಹಾಗಾದರೆ ಇದು ಸುಳ್ಳೇ? ಲೆಕ್ಕದವನು ಅಷ್ಟು ಅವಸರದಲ್ಲಿ ಖಾತೆ ಮುಚ್ಚಬಾರದು. ಈ ಅಧ್ಯಯನಗಳು ಹೇಳುವುದು ಇಷ್ಟು: ಕೇಳದ ಮಕ್ಕಳಿಗೆ, ಎಲ್ಲರಿಗೂ ಒಟ್ಟಿಗೆ, ಟ್ಯೂಷನ್ನಿನಂತೆ ಕೊಟ್ಟರೆ ಫಲವಿಲ್ಲ. ಮನಸ್ಸಿಟ್ಟು ಮಾಡಿದವರಿಗೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಸಮಿತಿಗೂ ನಾನು ಹೇಳಿದ್ದು ಇದನ್ನೇ: ಮಕ್ಕಳಿಗೆ ಕಡ್ಡಾಯ ಬೇಡ, ಆ ಹಣದಲ್ಲಿ ಮೊದಲು ದೊಡ್ಡವರಿಗೆ ತರಗತಿ ಮಾಡೋಣ, ಇಷ್ಟವಿದ್ದ ಮಕ್ಕಳು ಬರಲಿ. ಪರ್ತ್‌ನಲ್ಲಿ ಆರನೇ ತರಗತಿಯ ಮಗುವಿಗೆ ಗೇಟ್ ಪರೀಕ್ಷೆಯ ಕೋಚಿಂಗ್, ಶನಿವಾರ ಸಂಗೀತ, ಭಾನುವಾರ ಕನ್ನಡ; ಅದರ ಮೇಲೆ ಧ್ಯಾನವನ್ನೂ ಹೇರಿದರೆ ಹೊರೆಯ ಪಟ್ಟಿಗೆ ಇನ್ನೊಂದು ಸಾಲು ಸೇರಿತು, ಅಷ್ಟೇ.

ಬ್ರಿಸ್ಬೇನ್‌ನಲ್ಲಿ ಇನ್ನೊಂದು ದಾರಿ ಇದೆ. ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿದ್ದ ಪೌಲಾ ಬ್ಯಾರೆಟ್ 1990ರ ದಶಕದಲ್ಲಿ ಆತಂಕದ ಮಕ್ಕಳಿಗಾಗಿ ‘ಫ್ರೆಂಡ್ಸ್’ ಕಾರ್ಯಕ್ರಮ ರೂಪಿಸಿದರು. ಅದರಲ್ಲೂ ಉಸಿರು ಇದೆ, ಮೈ ಸಡಿಲಿಸುವುದಿದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಭಾವನೆಗೆ ಹೆಸರಿಡುವುದು, ಭಯದ ಕೆಲಸವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಒಂದೊಂದೇ ಹತ್ತುವುದು, ಜೊತೆಗೆ ತಂದೆತಾಯಿಗೂ ಪಾಠ. ಶಾಂತವಾಗಿ ಕೂತರೆ ಸಾಲದು, ಎದ್ದು ಮಾಡುವುದನ್ನೂ ಕಲಿಸಬೇಕು ಎಂಬುದು ಅದರ ತಿರುಳು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ನನಗೆ ಸರಿ ಅನ್ನಿಸಿದ ನಾಲ್ಕು ಮಾತು.

ಒಂದು, ಮೊದಲು ನಾವು. ಅಪ್ಪ ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಮಗನಿಗೆ ‘ಗಮನವಿಟ್ಟು ತಿನ್ನು’ ಎಂದರೆ ಅದು ಸಹಿ ಇಲ್ಲದ ಚೆಕ್. 2025ರ ಡಿಸೆಂಬರ್ 10ರಿಂದ ಈ ದೇಶದಲ್ಲಿ 16ರೊಳಗಿನವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಲ್ಲ. ನಮ್ಮ ಖಾತೆಗಳನ್ನು ಮುಚ್ಚಿಸುವ ಕಾನೂನು ಬಂದಿಲ್ಲ. ಅದು ನಮ್ಮ ಕೈಯಲ್ಲೇ ಇದೆ.

ಎರಡು, ಚಿಕ್ಕ ಮಕ್ಕಳಿಗೆ ಆಟವಾಗಿರಲಿ. ಅವಧಾನದಲ್ಲಿ ಘಂಟಾಗಣನ ಇರುವಂತೆ, ದೇವರ ಮನೆಯ ಗಂಟೆ ಒಮ್ಮೆ ಬಾರಿಸಿ ನಾದ ಪೂರ್ತಿ ನಿಂತಾಗ ಕೈ ಎತ್ತಲು ಹೇಳಿ. ಒಂದು ನಿಮಿಷ ಸಾಕು.

ಮೂರು, ಹದಿಹರೆಯದವರಿಗೆ ಆಯ್ಕೆ ಇರಲಿ. ಕಣ್ಣು ಮುಚ್ಚಲೇಬೇಕೆಂದಿಲ್ಲ, ಕೆಲವರಿಗೆ ಕಣ್ಣು ಮುಚ್ಚಿದರೆ ಕಳವಳ ಹೆಚ್ಚುತ್ತದೆ. ನಡೆಯುತ್ತಾ ಹೆಜ್ಜೆ ಗಮನಿಸಬಹುದು, ಕ್ರಿಕೆಟ್ ನೆಟ್ಸ್‌ನಲ್ಲಿ ಮುಂದಿನ ಚೆಂಡಿಗೆ ಮೊದಲು ಒಂದು ಉಸಿರು ಗಮನಿಸಬಹುದು. ‘ಬೇಡ’ ಎಂದರೆ ಬೇಡ.

ನಾಲ್ಕು, ದೂರ ಇರುವವರಿಗೆ. ನಮ್ಮಲ್ಲಿ ಎರಡು ವಾರ ಪಿಲ್ಬರಾದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುವವರಿದ್ದೀರಿ. ರಾತ್ರಿ ಪಾಳಿಯ ನರ್ಸ್‌ಗಳಿದ್ದೀರಿ. ಫೋನಿನಲ್ಲಿ ‘ಹೋಮ್‌ವರ್ಕ್ ಆಯ್ತಾ?’ ಎನ್ನುವ ಮೊದಲು ‘ಈಗ ಹೇಗಿದ್ದೀಯ?’ ಎಂದು ಕೇಳಿ. ಉತ್ತರ ಬರುವ ತನಕ ಸುಮ್ಮನಿರಿ. ಆ ಸುಮ್ಮನಿರುವ ಹತ್ತು ಸೆಕೆಂಡ್ ನಿಮ್ಮ ಅಭ್ಯಾಸ.

ಕೊನೆಯದಾಗಿ, ಬಹಳ ಮುಖ್ಯವಾದದ್ದು. ಮಗು ವಾರಗಟ್ಟಲೆ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಿದೆ, ‘ನಾನು ಇರಬಾರದು’ ಎನ್ನುತ್ತಿದೆ ಎಂದರೆ ಅದಕ್ಕೆ ಧ್ಯಾನ ಮದ್ದಲ್ಲ. ‘ಜನ ಏನಂದಾರು’ ಎಂಬುದನ್ನು ಪಕ್ಕಕ್ಕಿಟ್ಟು ಜಿಪಿ ಹತ್ತಿರ ಹೋಗಿ. ಮೆಡಿಕೇರ್ ಇರುವವರಿಗೆ ಮಾನಸಿಕ ಆರೋಗ್ಯ ಯೋಜನೆಯಡಿ ವರ್ಷಕ್ಕೆ 10 ಭೇಟಿಗಳವರೆಗೆ ಸಹಾಯಧನ ಸಿಗುತ್ತದೆ. 12ರಿಂದ 25ರವರಿಗೆ ‘ಹೆಡ್‌ಸ್ಪೇಸ್’ ಕೇಂದ್ರಗಳಿವೆ. 1991ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಶುರುವಾದ ಕಿಡ್ಸ್ ಹೆಲ್ಪ್‌ಲೈನ್, 1800 55 1800, ಹಗಲು ರಾತ್ರಿ ಉಚಿತ. ಆ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿ ಇವತ್ತೇ ಬರೆದಿಡಿ. ಜೀವಕ್ಕೆ ಅಪಾಯ ಎನಿಸಿದರೆ 000.

ಬಂಧುಗಳೇ, ಊರು ಬಿಟ್ಟು ಬಂದದ್ದು ಮಕ್ಕಳ ಭವಿಷ್ಯಕ್ಕೆ ಎನ್ನುತ್ತೇವೆ. ಆ ಭವಿಷ್ಯದ ಗಡಿಬಿಡಿಯಲ್ಲಿ ಇವತ್ತಿನ ಮಗು ಎದುರಿಗೆ ಕೂತಿದ್ದರೂ ನಮಗೆ ಕಾಣದೆ ಹೋಗಬಹುದು. ಅವಧಾನ ಎಂದರೆ ಗಮನ ಕೊಡುವುದು. ಮಕ್ಕಳಿಗೆ ಅದನ್ನು ಕಲಿಸುವ ಮೊದಲು, ಅವರಿಗೇ ಅದನ್ನು ಕೊಡೋಣ.

 ಸಿರಿಗನ್ನಡಂ ಗೆಲ್ಗೆ.