ಪುಟ್ಟ ನಾಯಿಯ ಹೃದಯ: ಮುಪ್ಪಿನ ಆಯಾಸವೋ, ಕವಾಟದ ಕಾಯಿಲೆಯೋ?

ಮಹಾನಗರದ ಎರಡು ಕೋಣೆಗಳ ವಸತಿಯಲ್ಲಿ ದೊಡ್ಡ ನಾಯಿಗೆ ಎಡೆಯಿಲ್ಲ. ಊರಿನ ಜಗುಲಿಯ ಕೆಳಗೆ ಮಲಗುತ್ತಿದ್ದ ನಾಯಿಯ ಸ್ಥಾನವನ್ನು ಇಲ್ಲಿ ಪಾಮರೇನಿಯನ್, ಡ್ಯಾಷ್‌ಹಂಡ್, ಪೂಡಲ್ ಮುಂತಾದ ಪುಟ್ಟ ತಳಿಗಳು ಪಡೆದುಕೊಂಡಿವೆ. ಮಕ್ಕಳು ಶಾಲೆಗೂ ದುಡಿಯುವವರು ಕಚೇರಿಗೂ ತೆರಳಿದ ಮೇಲೆ, ಮನೆಯಲ್ಲುಳಿದ ವೃದ್ಧರಿಗೆ ಅದೊಂದೇ ಸಂಗಾತಿ. ಹೀಗೆ ಎಂಟು ಹತ್ತು ವರ್ಷಗಳು ಸಂದ ಬಳಿಕ ಒಂದು ದಿನ ಆ ಪ್ರಾಣಿ ಮಹಡಿಯ ಮೆಟ್ಟಿಲುಗಳ ನಡುವೆ ನಿಂತುಬಿಡುತ್ತದೆ. ರಾತ್ರಿಯ ವೇಳೆ ಕೆಮ್ಮುತ್ತದೆ. "ಪಾಪ, ವಯಸ್ಸಾಯಿತು" ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಈ ಒಂದು ಮಾತಿನ ಮರೆಯಲ್ಲಿ ಚಿಕಿತ್ಸೆಗೆ ಒದಗಬಹುದಾದ ಅಮೂಲ್ಯ ಕಾಲವು ಕಳೆದುಹೋಗುವುದುಂಟು.

ಕವಾಟ ಕೆಡುವ ಬಗೆ

ಮನುಷ್ಯನ ಹೃದಯದಂತೆ ನಾಯಿಯ ಹೃದಯಕ್ಕೂ ನಾಲ್ಕು ಕೋಣೆಗಳು. ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಎರಡೆಸಳಿನ ಬಾಗಿಲೇ ಮೈಟ್ರಲ್ ಕವಾಟ. ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬಾರದಂತೆ ತಡೆಯುವುದು ಅದರ ಕೆಲಸ. ಪುಟ್ಟ ತಳಿಗಳಲ್ಲಿ ವಯಸ್ಸು ಏರಿದಂತೆ ಈ ಎಸಳುಗಳು ದಪ್ಪಗಾಗಿ, ಅಂಚಿನಲ್ಲಿ ಗಂಟುಗಟ್ಟಿ, ಬಾಗಿಲು ಸರಿಯಾಗಿ ಮುಚ್ಚದಂತಾಗುತ್ತದೆ. ಪ್ರತಿ ಬಡಿತದಲ್ಲಿಯೂ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತದೆ. ಕಾಲಕ್ರಮದಲ್ಲಿ ಹೃದಯ ಹಿಗ್ಗುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟವೇ ದುಸ್ತರವಾಗುತ್ತದೆ.

ನಾಯಿಗಳಲ್ಲಿ ಕಂಡುಬರುವ ಹೃದಯರೋಗಗಳ ಪೈಕಿ ಸುಮಾರು ಮುಕ್ಕಾಲು ಪಾಲು ಇದೇ ಆಗಿದೆ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ತಳಿಯಲ್ಲಂತೂ ಇದು ವಂಶಪಾರಂಪರ್ಯವಾಗಿ, ಎಳೆಯ ವಯಸ್ಸಿನಲ್ಲಿಯೇ ತಲೆದೋರುತ್ತದೆ. ಹತ್ತು ವರ್ಷ ತುಂಬುವ ಹೊತ್ತಿಗೆ ಈ ದೋಷವಿಲ್ಲದ ಕ್ಯಾವಲಿಯರ್ ಸಿಗುವುದು ವಿರಳ.

ಮೊದಲ ಸೂಚನೆ

ರೋಗದ ಮೊದಲ ಸೂಚನೆ ಕೆಮ್ಮಲ್ಲ, ಆಯಾಸವೂ ಅಲ್ಲ, ಅದೊಂದು ಶಬ್ದ. ಪಶುವೈದ್ಯರು ಸ್ಟೆತಾಸ್ಕೋಪನ್ನು ಎದೆಯ ಎಡಬದಿಗೆ ಇಟ್ಟಾಗ, ಬಡಿತಗಳ ನಡುವೆ ಸೋರುವ ರಕ್ತದ 'ಸುಯ್' ಎಂಬ ಮರ್ಮರವು ಕೇಳಿಸುತ್ತದೆ. ನಾಯಿ ಎಂದಿನಂತೆ ಕುಣಿದಾಡುತ್ತಿರುವಾಗಲೇ, ಹೊರಲಕ್ಷಣಗಳು ತೋರುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಈ ಶಬ್ದ ಹುಟ್ಟಿರಬಹುದು. ಮರ್ಮರ ಕೇಳಿಸಿದೊಡನೆ ಎದೆಗುಂದಬೇಕಾಗಿಲ್ಲ. ಅದನ್ನು ಹೊತ್ತುಕೊಂಡೇ ಪೂರ್ಣಾಯುಷ್ಯ ಕಳೆಯುವ ನಾಯಿಗಳು ಅನೇಕ.

ಅಮೆರಿಕದ ಪಶುವೈದ್ಯ ತಜ್ಞರು 2009ರಲ್ಲಿ ಈ ರೋಗವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಹಂತಗಳಾಗಿ ವಿಂಗಡಿಸಿ, 2019ರಲ್ಲಿ ಪರಿಷ್ಕರಿಸಿದರು. ಮರ್ಮರವಿದ್ದೂ ಕಷ್ಟವಿಲ್ಲದ ಸ್ಥಿತಿ 'ಬಿ'. ಅದರಲ್ಲಿಯೂ ಹೃದಯ ಗಣನೀಯವಾಗಿ ಹಿಗ್ಗದಿದ್ದರೆ ಬಿ-1, ಹಿಗ್ಗಿದ್ದರೆ ಬಿ-2. ಈ ಭೇದ ಕಿವಿಗೆ ತಿಳಿಯದು. ಎಕ್ಸ್‌ರೇ ಮತ್ತು ಎಕೋ ಪರೀಕ್ಷೆಗಳು ಬೇಕು. ಇದು ಬರಿಯ ಶಾಸ್ತ್ರಚರ್ಚೆಯಲ್ಲ. 11 ದೇಶಗಳ 360 ನಾಯಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ 'ಎಪಿಕ್' ಅಧ್ಯಯನದಲ್ಲಿ, ಬಿ-2 ಹಂತದಲ್ಲಿಯೇ ಪಿಮೊಬೆಂಡಾನ್ ಎಂಬ ಔಷಧಿಯನ್ನು ಆರಂಭಿಸಿದ ನಾಯಿಗಳಿಗೆ ಹೃದಯವೈಫಲ್ಯವು ಸರಾಸರಿ 15 ತಿಂಗಳಷ್ಟು ತಡವಾಗಿ ಬಂದಿತು. ಹತ್ತು ಹನ್ನೆರಡು ವರ್ಷ ಬಾಳುವ ಜೀವಿಗೆ 15 ತಿಂಗಳು ಸಣ್ಣ ಅವಧಿಯಲ್ಲ. ಬಿ-1 ಹಂತದಲ್ಲಿ ಔಷಧಿಯ ಅಗತ್ಯವಿಲ್ಲ. ಕಾಲಕಾಲಕ್ಕೆ ತಪಾಸಣೆ ಸಾಕು. ಮನೆಯ ಹಿರಿಯರಿಗೆಂದು ತಂದ ಹೃದಯದ ಮಾತ್ರೆಗಳನ್ನು ನಾಯಿಗೆ ಕೊಡುವುದು ಮಾತ್ರ ಎಂದಿಗೂ ಸಲ್ಲದು.

ಮನೆಯವರ ಪಾತ್ರ

ಮರ್ಮರವುಳ್ಳ ನಾಯಿಯ ಮನೆಯವರು ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ: ಅದು ಗಾಢವಾಗಿ ನಿದ್ರಿಸುತ್ತಿರುವಾಗ ಉಸಿರನ್ನು ಎಣಿಸುವುದು. ಎದೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಇಮ್ಮಡಿಗೊಳಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಇದು ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಇರುತ್ತದೆ. ಆಟವಾಡಿ ಬಂದಾಗ, ಸೆಕೆಯಲ್ಲಿ ಏದುತ್ತಿರುವಾಗ, ಕನಸಿನಲ್ಲಿ ಕಾಲು ಒದರುವಾಗ ಎಣಿಸಬಾರದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಈ ಅಂಕಿಯನ್ನೂ ಗುರುತಿಸಿಟ್ಟರೆ ಏರಿಕೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಮತ್ತೆ ಮತ್ತೆ 30ನ್ನು ಮೀರಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಒಸಡು ನೀಲಿಗಟ್ಟಿದರೆ, ಮಲಗಲಾರದೆ ಕುತ್ತಿಗೆ ಚಾಚಿ ಉಸಿರಿಗಾಗಿ ಹೆಣಗಿದರೆ, ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು. ಪುಟ್ಟ ತಳಿಗಳಲ್ಲಿ ಶ್ವಾಸನಾಳದ ದೌರ್ಬಲ್ಯದಿಂದಲೂ ಕೆಮ್ಮು ಬರುವುದುಂಟು. ಆದ್ದರಿಂದ ಕಾರಣವನ್ನು ಮನೆಯಲ್ಲಿಯೇ ನಿರ್ಧರಿಸುವುದು ಉಚಿತವಲ್ಲ.

ಈ ವಿಷಯದಲ್ಲಿ ಮಹಾನಗರವಾಸಿಗಳು ಭಾಗ್ಯವಂತರು. ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು, ಚೆನ್ನೈನ ವೇಪೇರಿಯಲ್ಲಿ 1903ರಲ್ಲಿ ಆರಂಭವಾದ ಕಾಲೇಜುಗಳಂಥ ಹಳೆಯ ಸಂಸ್ಥೆಗಳು ಇಂಥ ನಗರಗಳಲ್ಲಿಯೇ ಇವೆ. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದಿಗೆ ನಾಯಿಯನ್ನು ಹೇಗೂ ಕರೆದೊಯ್ಯುವುದುಂಟು. ಆಗ "ಎದೆಯನ್ನೂ ಒಮ್ಮೆ ಆಲಿಸಿ ನೋಡಿ" ಎಂದು ಕೇಳಿಕೊಳ್ಳುವುದಕ್ಕೆ ಹೆಚ್ಚಿನ ಶ್ರಮವೇನೂ ಇಲ್ಲ. ಬಾಗಿಲ ಸಪ್ಪಳದಿಂದಲೇ ಮನೆಯವರ ಬರವನ್ನು ಗುರುತಿಸುವ ಆ ಮೂಕಪ್ರಾಣಿ ತನ್ನ ಎದೆಯೊಳಗಿನ ಸಪ್ಪಳವನ್ನು ತಾನಾಗಿ ಹೇಳಿಕೊಳ್ಳಲಾರದು. ಅದನ್ನು ಕೇಳಿಸಿಕೊಳ್ಳುವ ಹೊಣೆ ಮನೆಯವರದು.