ಕಾಲೇಜು ತರುಣರೂ ಸಂಜೆಯ ಹೊತ್ತೂ

ಕಾರವಾರದ ಹಬ್ಬುವಾಡದಂಥ ಕೇರಿಗಳಲ್ಲಿ ಕೋಣೆ ಹಿಡಿದು ಓದುವ ಪರಸ್ಥಳದ ವಿದ್ಯಾರ್ಥಿಗಳು ಸಂಜೆ ಆರರಿಂದ ಹತ್ತರವರೆಗೆ ಏನು ಮಾಡುವರೆಂದು ಅವರ ತಂದೆತಾಯಿಗಳು ಎಂದಾದರೂ ವಿಚಾರಿಸಿರುವರೇ? ಪಾಠ ಮುಗಿದಿದೆ, ಊಟಕ್ಕೆ ಹೊತ್ತಿದೆ, ಮನೆ ದೂರವಿದೆ. ಮಾಜಾಳಿ ದಾಟಿದರೆ ಗೋವೆ. ಅಲ್ಲಿ ಮದ್ಯ ಅಗ್ಗ. ಹಾಗೆ ಹೋದ ಹುಡುಗರು ಅಮಲಿನಲ್ಲಿ, ಕತ್ತಲೆಯಲ್ಲಿ, ಹೆದ್ದಾರಿ ಹಿಡಿದು ಮರಳಬೇಕೆಂಬುದನ್ನು ನೆನೆದರೆ ಎದೆ ನಡುಗುತ್ತದೆ.

ಇದಕ್ಕೆ ನಮ್ಮವರು ಬಲ್ಲ ಉಪಾಯವೆಂದರೆ ವರ್ಷಕ್ಕೊಂದು ಉಪನ್ಯಾಸ ಮತ್ತು ಪ್ರತಿಜ್ಞೆ. ಪ್ರತಿಜ್ಞೆಯ ದಿನವೂ ಸಂಜೆ ಆರು ಗಂಟೆ ಹೊಡೆಯುತ್ತದೆಂಬುದು ಉಪನ್ಯಾಸಕರ ಗಮನಕ್ಕೆ ಬಂದಂತಿಲ್ಲ. ನಿರ್ಬಂಧವನ್ನು ನಾವು ಹಳಿಯುವವರಲ್ಲ. ಮುಂಬಯಿ ಆಡಳಿತದಲ್ಲಿದ್ದಾಗ ಈ ಜಿಲ್ಲೆ ದಾರೂಬಂದಿಯನ್ನೂ ಕಂಡಿದೆ. ಗೋವೆ ಆಗಲೂ ನೆರೆಯಲ್ಲಿಯೇ ಇತ್ತು. ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾರಾಯಿ ಹೋಯಿತು, ಸೀಸೆ ಉಳಿಯಿತು.

ದೂರದ ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ ಹದಿನೈದು ಹದಿನಾರರ ಪ್ರಾಯದವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳೊಳಗೆ ಕುಡಿದು ಅಮಲೇರಿದವರಾಗಿದ್ದರು. 2016ಕ್ಕೆ ಆ ಸಂಖ್ಯೆ 5ಕ್ಕೆ ಇಳಿಯಿತು. ಅಲ್ಲಿ ಕಾನೂನು ಬಿಗಿಯಾಯಿತು, ನಿಜ. ಅದರೊಡನೆ ಆಟ, ಸಂಗೀತ, ನೃತ್ಯಗಳ ಸಂಘಗಳಿಗೆ ಸರಕಾರದ ಹಣವೂ ಹರಿಯಿತು. ನಮ್ಮ ಕಾಲೇಜಿನವರು ಅವರಿಗಿಂತ ದೊಡ್ಡವರು, ಹೇಳಿದಂತೆ ಕೇಳುವವರಲ್ಲ. ಆದುದರಿಂದಲೇ ಅವರಿಗೆ ಬೋಧೆಗಿಂತ ಕೆಲಸ ಬೇಕು.

ಯಕ್ಷಗಾನದ ನಾಡಿನಲ್ಲಿ ಇದಕ್ಕೆ ಬರವೇ? ವಾರಕ್ಕೆ ಮೂರು ಸಂಜೆ ಭಾಗವತರೊಬ್ಬರನ್ನು ಕರೆಸಿ ಹೆಜ್ಜೆ ಕಲಿಸಲಿ. ಗೆಜ್ಜೆ ಕಟ್ಟಿ ಒಂಬತ್ತರವರೆಗೆ ಕುಣಿದವನಿಗೆ ಹಸಿವು ನಿದ್ರೆಗಳಲ್ಲದೆ ಬೇರೇನೂ ಬೇಡವಾಗುತ್ತದೆ. ಕುಣಿಯಲೊಲ್ಲದವರಿಗೆ ಕಬಡ್ಡಿಯಿದೆ, ವಾಚನಾಲಯವಿದೆ. ಗೆಳೆಯನ ಹುಟ್ಟುಹಬ್ಬದ ಕೂಟದಲ್ಲಿ ಕುಡಿಯದವನು ಬರಿಗೈಯಲ್ಲಿ ನಿಂತು ನಗೆಪಾಟಲಾಗುವುದುಂಟು. ಅವನ ಕೈಗೊಂದು ಲೋಟ ಮುರುಗಲ ಪಾನಕ ಕೊಟ್ಟರೆ ಅರ್ಧ ಒತ್ತಾಯ ತಾನಾಗಿಯೇ ನಿಲ್ಲುತ್ತದೆ. ಇದನ್ನು ಸಣ್ಣ ಮಾತೆನ್ನುವವರು ತಮ್ಮ ತಾರುಣ್ಯವನ್ನು ಮರೆತವರು. ಈಗಾಗಲೇ ಚಟಕ್ಕೆ ಬಿದ್ದವನನ್ನು ಕಾಲೇಜಿನಿಂದ ಹೊರಗಟ್ಟದೆ, ಊರಿನಲ್ಲಿಯೇ ಇರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಟದ ಬಯಲಿಗೆ ರಾತ್ರಿ ದೀಪ, ವಾಚನಾಲಯಕ್ಕೆ ಹತ್ತರವರೆಗೆ ಒಬ್ಬ ಸಿಪಾಯಿ: ಇವಿಷ್ಟರ ಖರ್ಚಿನ ಅಂದಾಜನ್ನು ಜಿಲ್ಲೆಯ ಅಧಿಕಾರಿಗಳೂ ಪ್ರಾಚಾರ್ಯರೂ ಒಮ್ಮೆ ಕುಳಿತು ಮಾಡಿ ನೋಡಲಿ. ಅಬಕಾರಿಯ ವರಮಾನದಲ್ಲಿ ಅದು ಎಷ್ಟನೆಯ ಪಾಲೆಂಬ ಲೆಕ್ಕವನ್ನು ಮುಂದೆ ನಾವು ಕೇಳುವವರಿದ್ದೇವೆ.