ಕ್ಯಾನ್ಸರ್‌ಗೆ ಹೊಸ ಮದ್ದು ಬಂದಿದೆ, ಬಡವನ ಕೈಗೆ ಸಿಗುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಮಗ್ಗದ ಊರು. ಪವರ್‌ಲೂಮ್ ಓಡಿದರೆ ಮನೆ ನಡೆಯುತ್ತದೆ, ನಿಂತರೆ ಸಾಲ. ಅಂತಹ ಮನೆಯ ದುಡಿಯುವ ಮಗನಿಗೆ ಬಾಯಿಯ ಕ್ಯಾನ್ಸರ್ ಬಂತು ಎಂದಿಟ್ಟುಕೊಳ್ಳಿ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಳಗಾವಿಗೋ ಗಡಿಯಾಚೆಯ ಮಿರಜ್‌ಗೋ ಹೋಗಬೇಕು. ಜೊತೆಗೆ ಹೋದವರ ಕೂಲಿಯೂ ಹೋಯಿತು. ನಮಗೆ ಮಂಗಳೂರು ಹತ್ತಿರ, ಆಸ್ಪತ್ರೆಗಳಿಗೆ ಬರ ಇಲ್ಲ. ಆದರೆ ಹೊಸ ಮದ್ದಿನ ಬಿಲ್ಲು ನೋಡಿದಾಗ ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಆದರೆ ಪ್ಯಾಕೇಜ್ ಪಟ್ಟಿಯಲ್ಲಿ ಇಲ್ಲದ ಮದ್ದಿಗೆ ಕಾರ್ಡ್ ನಡೆಯುವುದಿಲ್ಲ. ಮನೆಯವರು ಚಿನ್ನ ಅಡವಿಡುವುದು ಅಲ್ಲೇ.

ಬೆಲೆ ಇಳಿಯುವುದೇ ಇಲ್ಲ ಎಂದೇನಲ್ಲ. ಲಿವರ್ ಮತ್ತು ಕಿಡ್ನಿ ಕ್ಯಾನ್ಸರ್‌ನ ಸೊರಾಫೆನಿಬ್ ಮಾತ್ರೆಗೆ ತಿಂಗಳಿಗೆ 2.8 ಲಕ್ಷ ರೂ. ಆಗುತ್ತಿತ್ತು. 2012ರಲ್ಲಿ ಸರಕಾರ ಭಾರತದ ಕಂಪೆನಿಯೊಂದಕ್ಕೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು, ಬೆಲೆ 8,800 ರೂ.ಗೆ ಬಂತು. ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್‌ಗೆ ಸಮನಾದ ಬಯೋಸಿಮಿಲರನ್ನು 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಡಿಮೆ ಬೆಲೆಗೆ ತಂದಿತು.

ಬಾಯಿಯ ಕ್ಯಾನ್ಸರ್ ಇರುವವರಿಗೂ ಒಂದು ಸುದ್ದಿ ಇದೆ. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದು ಸಾಮಾನ್ಯರಿಗೆ ಎಟುಕದಷ್ಟು ದುಬಾರಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಅದನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಕೊಟ್ಟು ನೋಡಿದರು. ಇದು ಮಾಮೂಲಿ ಡೋಸ್‌ನ ಸಣ್ಣದೊಂದು ಪಾಲು. ಜೊತೆಗೆ ಕಡಿಮೆ ಬೆಲೆಯ ಮಾತ್ರೆಗಳು. ತಲೆ-ಕುತ್ತಿಗೆ ಕ್ಯಾನ್ಸರ್ ಕೈಮೀರಿದ್ದ ರೋಗಿಗಳಲ್ಲಿ ಮಾತ್ರೆ ಮಾತ್ರ ಪಡೆದವರ ಪೈಕಿ ಒಂದು ವರ್ಷ ಬದುಕಿದವರು ಶೇ. 16, ಸಣ್ಣ ಡೋಸ್ ಸೇರಿಸಿದವರಲ್ಲಿ ಶೇ. 43. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಇದು ಎಲ್ಲರಿಗೂ ಹೊಂದುವ ಮದ್ದಲ್ಲ, ತೀರ್ಮಾನ ವೈದ್ಯರದ್ದೇ. ಆದರೆ ಕೇಳ್ಲಿಕ್ಕೆ ಸಂಕೋಚ ಬೇಡ. ಉಮ್ಮನ ಬಳೆ ಮಾರುವ ಮೊದಲು ಡಾಕ್ಟರ ಹತ್ತಿರ ಮೂರು ಮಾತು ಕೇಳಿ: ಇದು ಕಾರ್ಡಿನಲ್ಲಿ ಆಗ್ತದಾ? ಇದರ ಜೆನೆರಿಕ್ ಅಥವಾ ಬಯೋಸಿಮಿಲರ್ ಉಂಟಾ? ಸಣ್ಣ ಡೋಸ್ ಇವರಿಗೆ ಆದೀತಾ?

ಜಮಾಅತ್‌ಗಳಿಗೂ ಒಂದು ಮಾತು. ಝಕಾತ್‌ನಿಂದ ರೋಗಿಗೆ ನೆರವು ಕೊಡುವವರು ನಮ್ಮಲ್ಲಿ ಕಡಿಮೆ ಇಲ್ಲ. ಹಣದ ಜೊತೆಗೆ ಕಾರ್ಡು, ರೆಫರಲ್ ಪತ್ರ, ಆಸ್ಪತ್ರೆಯ ಕಾಗದಪತ್ರ ಬಲ್ಲ ಒಬ್ಬ ಯುವಕನನ್ನೂ ಕಳುಹಿಸಿ. ಹಲವು ಸಲ ಮನೆ ಉಳಿಯುವುದು ಅಷ್ಟರಿಂದಲೇ.